ಹನ್ನೊಂದು ಮನೆ, ಒಂದು ಪಂಪು, ಮಳೆಗೆ ಮೊದಲು ಯಾರ ತೋಟ?

ಶಿರಸಿ ಕಡೆ ಅಡಿಕೆ ಬೆಳೆಯುವ ಯಾರನ್ನೇ ಕೇಳಿ, ಮೇ ಕೊನೆಯ ವಾರ ಬಂತೆಂದರೆ ತಲೆಯಲ್ಲಿ ಇರುವುದು ಒಂದೇ, ಕೊಳೆ ಔಷಧಿ. ಕೊಳೆ ಅಂದರೆ ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ರೋಗ. ಮಳೆ ಹಿಡಿಯುವ ಮೊದಲು ಒಂದು ಸಲ ಬೋರ್ಡೋ (ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣ ಕಲಸಿದ ನೀರು) ಹೊಡೆಯಬೇಕು, 40–45 ದಿನ ಬಿಟ್ಟು ಇನ್ನೊಂದು ಸಲ. 9 ಅಡಿಗೊಂದು ಮರ ಅಂದರೂ ಎಕರೆಗೆ 540ರ ಹತ್ತಿರ ಮರ. ಅಷ್ಟನ್ನೂ ಹತ್ತಿ ಹೊಡೆಯುವ ಕೊನೆಗೌಡರು ನಮ್ಮ ಸುತ್ತಮುತ್ತ ಈಗ ಬೆರಳೆಣಿಕೆಯಷ್ಟು.

ನಮ್ಮ ಊರಲ್ಲಿ ಹನ್ನೊಂದು ಮನೆ. ಹೆಚ್ಚಿನವರದು ಒಂದು ಎಕರೆ, ಒಂದಿಬ್ಬರದು ಹದಿನೈದು ಗುಂಟೆ. ಇಷ್ಟು ಸಣ್ಣ ತೋಟಕ್ಕೆ ಕೊನೆಗೌಡ ಬರುವುದೇ ಕಷ್ಟ, ದೊಡ್ಡ ತೋಟದವರು ಮೊದಲೇ ಹೇಳಿಟ್ಟಿರುತ್ತಾರೆ. ಹಾಗಾಗಿ ನಾವು ಹನ್ನೊಂದು ಮನೆಯವರೂ ಸೇರಿ ಒಟ್ಟಿಗೇ ಮಾತಾಡಿದೆವು. ಇಬ್ಬರು ಕೊನೆಗೌಡರಿಗೆ ಬಿಡುವಿಲ್ಲದೆ ಹದಿನೈದು ದಿನ ಕೆಲಸ ಅಂದಾಗ ಅವರೂ ಖುಷಿಯಿಂದ ಒಪ್ಪಿದರು. ಒಂದು ಪಂಪು, ಉದ್ದದ ಪೈಪು, 200 ಲೀಟರಿನ ಎರಡು ಪ್ಲಾಸ್ಟಿಕ್ ಬ್ಯಾರಲ್, ಇಷ್ಟು ಸಾಮಾನು ಎಲ್ಲರದ್ದು.

ಮೈಲುತುತ್ತ ಮತ್ತು ಸುಣ್ಣವನ್ನು ಊರಿನ ಸೇವಾ ಸಹಕಾರಿ ಸಂಘದ ಮೂಲಕ ತರಿಸಿದೆವು. ನಾವೆಲ್ಲ ಅಲ್ಲಿಯ ಸದಸ್ಯರೇ. ಹೊಸ ಸಂಘ ರಿಜಿಸ್ಟರ್ ಮಾಡೋಣ ಅಂತ ಕೆಲವರು ಹೇಳಿದ್ದರು, ನಾನು ಬೇಡ ಅಂದೆ. ಇರುವ ಸಂಘದಲ್ಲೇ ಎಲ್ಲರ ಹೆಸರಲ್ಲೂ ಖಾತೆ ಇದೆ. ತಗೊಂಡ ಸಾಮಾನು ಬೆಳೆಸಾಲಕ್ಕೆ ಸೇರುತ್ತದೆ, ಅಡಿಕೆ ಮಾರಿದಾಗ ಮುರಿದುಕೊಳ್ಳುತ್ತಾರೆ. ಈ ಕ್ರಮ ನಮ್ಮ ಕಡೆ ಹೊಸತೇನಲ್ಲ. ಶಿರಸಿಯಲ್ಲಿ ತೋಟಗಾರರು 1923ರಲ್ಲೇ ತಮ್ಮದೇ ಮಾರಾಟ ಸಂಘ ಕಟ್ಟಿಕೊಂಡವರು. ಸಾಲಕ್ಕೂ ಮಾರಾಟಕ್ಕೂ ಒಂದೇ ದಲಾಲಿಯ ಕೈ ಕಾಯುವುದು ತಪ್ಪಲಿ ಅಂತಲೇ ಇಂಥ ಸಂಘಗಳು ಹುಟ್ಟಿದ್ದು, ಅಲ್ವಾ?

ಸಾಮಾನು ಸೇರಿಸುವುದು ಸುಲಭ. ಸರದಿ ಕಷ್ಟ. ಮೊದಲ ವರ್ಷ ಸರದಿ ಬರೆದವನು ನಾನೇ. ದಾರಿಗೆ ಹತ್ತಿರದ ತೋಟದಿಂದ ಶುರು ಮಾಡಿದರೆ ಪೈಪು ಎಳೆಯುವ ಕೆಲಸ ಕಡಿಮೆ ಅಂತ ಲೆಕ್ಕ ಹಾಕಿದೆ. ಹೊಳೆಬದಿಯ ಮಾವನ ತೋಟ ಕೊನೆಗೆ ಬಂತು. ಕೇಳಿದಾಗ ಅವರು "ಅಡ್ಡಿಲ್ಲೆ ತಮಾ" ಅಂದರು, ನಾನು ಅಷ್ಟಕ್ಕೇ ಬಿಟ್ಟೆ. ಎಂಟು ತೋಟ ಮುಗಿಯುವಾಗ ಮಳೆ ಹಿಡಿಯಿತು, ಆರು ದಿನ ಬಿಡಲೇ ಇಲ್ಲ. ಉಳಿದ ಮೂರು ತೋಟಗಳಲ್ಲಿ ಎರಡಕ್ಕೆ ಏನೂ ಆಗಲಿಲ್ಲ. ಮಾವನ ತೋಟ ತಗ್ಗಿನಲ್ಲಿದೆ, ಗಾಳಿ ಆಡುವುದಿಲ್ಲ, ಸದಾ ತಂಪು. ಕೊಳೆ ಮೊದಲು ಬರುವುದೇ ಅಂಥಲ್ಲಿ. ಜುಲೈ ಮಧ್ಯದಲ್ಲಿ ಹೋಗಿ ನೋಡಿದರೆ ಮರದ ಬುಡದಲ್ಲೆಲ್ಲ ಎಳೆಕಾಯಿ ಹಾಸಿಕೊಂಡಿತ್ತು, ಮೇಲೆ ಬಿಳಿ ಬೂಸ್ಟು. ಮಾವ ಒಂದು ಮಾತೂ ಆಡಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನವೇ ಎಲ್ಲರನ್ನೂ ಸೇರಿಸಿದೆ. ಸರದಿ ಎಲ್ಲರದ್ದೂ ಅಂದಮೇಲೆ ನಷ್ಟವೂ ಎಲ್ಲರದ್ದು ಅಂತ ಮಾತಾಯಿತು. ಮಾವನ ಎರಡನೇ ಔಷಧಿಯ ಖರ್ಚನ್ನು ಉಳಿದ ಹತ್ತು ಮನೆ ಹಂಚಿಕೊಂಡೆವು. ಮುಂದಿನ ವರ್ಷದಿಂದ ತಗ್ಗಿನ ಮೂರು ತೋಟ ಯಾವಾಗಲೂ ಮೊದಲು. ಉಳಿದ ಎಂಟಕ್ಕೆ ಚೀಟಿ ಎತ್ತುವುದು, ಎರಡನೇ ಸಲಕ್ಕೆ ಅದೇ ಸರದಿ ಹಿಂದುಮುಂದು. ಅಲ್ಲಿಂದ ಈಚೆಗೆ ಸರದಿಗೆ ಜಗಳ ಆಗಿಲ್ಲ.

ಖರ್ಚಿನ ಲೆಕ್ಕ ಎಕರೆ ಮೇಲೆ ಹಾಕುವುದಿಲ್ಲ, ಬ್ಯಾರಲ್ ಮೇಲೆ. ಒಬ್ಬರ ತೋಟದಲ್ಲಿ ಮರ ದಟ್ಟ, ಇನ್ನೊಬ್ಬರಲ್ಲಿ ಸತ್ತ ಮರದ ಜಾಗ ಖಾಲಿ. ಎಷ್ಟು ಬ್ಯಾರಲ್ ಹೋಯಿತೋ ಅಷ್ಟಕ್ಕೆ ದುಡ್ಡು. ಬ್ಯಾರಲ್ ತುಂಬಿದ ಕೂಡಲೇ ತೋಟದವರ ಎದುರೇ ಪುಸ್ತಕದಲ್ಲಿ ಗೆರೆ ಎಳೆಯುತ್ತೇವೆ. ಸಂಜೆ ನೆನಪಿನಿಂದ ಬರೆದರೆ ಆಗಲ್ಲ, ಖಂಡಿತ ತಪ್ಪುತ್ತದೆ.

ಔಷಧಿ ಕಲಸುವುದು ಒಬ್ಬರೇ, ನಮ್ಮ ಅತ್ತಿಗೆ. 200 ಲೀಟರಿಗೆ ಮೈಲುತುತ್ತ 2 ಕೆಜಿ, ಸುಣ್ಣ 2 ಕೆಜಿ. ಎರಡನ್ನೂ ಬೇರೆ ಬೇರೆ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕೋಲಿನಿಂದ ತಿರುವಬೇಕು. ಆಮೇಲೆ ಕತ್ತಿಯ ತುದಿ ಅದ್ದಿ ನೋಡುತ್ತಾರೆ. ಕಬ್ಬಿಣಕ್ಕೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಹಾಕಬೇಕು. ಮನೆಗೊಬ್ಬರು ಕಲಸುತ್ತಿದ್ದಾಗ ಈ ಪರೀಕ್ಷೆಯನ್ನು ಅರ್ಧ ಜನ ಮಾಡುತ್ತಲೇ ಇರಲಿಲ್ಲ. ಒಟ್ಟಿಗೆ ಮಾಡಿದ್ದರಿಂದ ಆದ ದೊಡ್ಡ ಲಾಭ ಇದು ಅಂತ ನನಗನಿಸುತ್ತದೆ, ಉಳಿದ ದುಡ್ಡಿಗಿಂತಲೂ ಜಾಸ್ತಿ.

ಎಲ್ಲವನ್ನೂ ಒಟ್ಟು ಮಾಡಲು ಹೋಗಬೇಡಿ. ನಾವು ಅಡಿಕೆ ಬೇಯಿಸುವುದನ್ನು ಸೇರಿಸಿಲ್ಲ. ಕಾಯಿ ಬಲಿತದ್ದು, ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು) ಗಟ್ಟಿ ಇದ್ದದ್ದು ಮನೆಮನೆಗೆ ಬೇರೆ. ಹೀಗೆ ಸುಲಿದು ಬೇಯಿಸಿ ಒಣಗಿಸಿದ ಕೆಂಪಡಿಕೆ, ಅಂದರೆ ರಾಶಿ ಅಡಿಕೆಯ ಬಣ್ಣ ಒಬ್ಬರದ್ದು ಒಂದು ಥರ. ಕಲಸಿ ಒಂದೇ ಲಾಟ್ ಮಾಡಿದರೆ, ವ್ಯಾಪಾರಿಗಳು ಲಾಟ್ ನೋಡಿ ದರ ಹಾಕುವ ಟೆಂಡರಿನಲ್ಲಿ ಚೆನ್ನಾಗಿ ಬೇಯಿಸಿದವರಿಗೆ ಅನ್ಯಾಯ. ಮೂಟೆ ಒಂದೇ ಗಾಡಿಯಲ್ಲಿ ಹೋಗುತ್ತದೆ, ಬಾಡಿಗೆ ಮೂಟೆ ಲೆಕ್ಕದಲ್ಲಿ. ಯಾರ್ಡಿನಲ್ಲಿ ಲಾಟ್ ಮಾತ್ರ ಅವರವರ ಹೆಸರಲ್ಲೇ.

ಈಗ ನೆಲದಲ್ಲೇ ನಿಂತು ಹೊಡೆಯುವ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಹಗುರ ಕೋಲು) ತರುವ ಮಾತು ನಡೆದಿದೆ. ನಮ್ಮ ಇಬ್ಬರು ಕೊನೆಗೌಡರಿಗೂ ಐವತ್ತು ದಾಟಿದೆ, ಅವರೇ ಕಲಿಯುತ್ತೇವೆ ಅಂದಿದ್ದಾರೆ. ದೋಟಿಯ ದುಡ್ಡಿನಲ್ಲಿ ಅವರದೂ ಪಾಲು ಇರಲಿ, ನಮ್ಮ ಕೆಲಸ ಮುಗಿದ ಮೇಲೆ ಬೇರೆ ಊರಿಗೂ ಒಯ್ದು ದುಡಿಯಲಿ ಅನ್ನುವುದು ನನ್ನ ಅಭಿಪ್ರಾಯ. ಮೂರು ಮನೆಯವರು ಇನ್ನೂ ಒಪ್ಪಿಲ್ಲ. ಬರುವ ಭಾನುವಾರ ಮತ್ತೆ ಕೂರುತ್ತೇವೆ.