ಹಿಮ ಬಿದ್ದ ಮೇಲೆ ಆ ರಸ್ತೆ ಯಾರದು?

ಸಿಯಾಟಲ್‌ಗೆ ಹೊಸದಾಗಿ ಬಂದ ನಮ್ಮವರು ಮೊದಲ ಚಳಿಗಾಲದಲ್ಲಿ ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ಆಗಸ್ಟಿನಲ್ಲಿ ಕಾರಿನಲ್ಲಿ ಹೋಗಿಬಂದ ಅರಣ್ಯ ರಸ್ತೆ ಜನವರಿಯಲ್ಲೂ ರಸ್ತೆಯೇ ಎಂದು ನಂಬಿ ಹೊರಡುತ್ತಾರೆ. ಕ್ಯಾಸ್ಕೇಡ್ ಬೆಟ್ಟಗಳ ಬಹುಪಾಲು ಅರಣ್ಯ ರಸ್ತೆಗಳಲ್ಲಿ ಹಿಮವನ್ನು ಯಾರೂ ತೆಗೆಯುವುದಿಲ್ಲ. ಆಗ ಅವು ಹಿಮದ ಹಾದಿಗಳಾಗುತ್ತವೆ. ಜಗಳ ಹುಟ್ಟುವುದೂ ಆಗಲೇ.

ಹಿಮದ ಮೇಲೆ ಜಾರುವ ಸ್ಕೀ ಪಟ್ಟಿ, ಹಿಮದಲ್ಲಿ ಕಾಲು ಹೂಳದಂತೆ ತಡೆಯುವ ಅಗಲವಾದ ಸ್ನೋಶೂ ಕಟ್ಟಿಕೊಂಡು ಹೋಗುವವರಿಗೆ ಹಿಮದ ಮೇಲೆ ಓಡುವ ಮೋಟಾರು ಗಾಡಿಯಾದ ಸ್ನೋಮೊಬೈಲಿನ ಸದ್ದು, ಹೊಗೆ, ತಿರುವಿನಲ್ಲಿ ಎದುರಾಗುವ ವೇಗ ಸಹಿಸಲಾಗದು. ದೊಡ್ಡ ಚಕ್ರದ ಜೀಪುಗಳು ಕೊರೆದ ಗುಂಡಿಗಳನ್ನು ಕಂಡರೆ ಇಬ್ಬರಿಗೂ ಸಿಟ್ಟು. ಆದರೆ ಸ್ನೋಮೊಬೈಲ್ ಸವಾರರ ವಾದವನ್ನೂ ಕೇಳಿ. ಅವರ ನೋಂದಣಿ ಶುಲ್ಕ ಮತ್ತು ಇಂಧನ ತೆರಿಗೆಯ ಪಾಲಿನಿಂದಲೇ ವಾಷಿಂಗ್ಟನ್ ರಾಜ್ಯ ಆ ಹಾದಿಗಳ ಹಿಮವನ್ನು ಯಂತ್ರದಿಂದ ಸಮ ಮಾಡಿಸುತ್ತದೆ. ನಾವು ಹಾಯಾಗಿ ನಡೆಯುವುದು ಎಷ್ಟೋ ಸಲ ಅವರ ದುಡ್ಡಿನ ಹಾದಿಯಲ್ಲಿ. ಇದು ತಿಳಿದ ದಿನದಿಂದ ನಾನು ಅವರನ್ನು ದೂರುವುದನ್ನು ಕಡಿಮೆ ಮಾಡಿದ್ದೇನೆ.

ನನ್ನ ಮೊದಲ ವರ್ಷ ಅಂಥದೊಂದು ಹಾದಿಯಲ್ಲಿ ಮಕ್ಕಳೊಂದಿಗೆ ಅಡ್ಡಡ್ಡಲಾಗಿ ನಡೆಯುತ್ತಿದ್ದೆವು. ಎದುರಿಗೆ ಬಂದ ಸವಾರ ನಿಧಾನಿಸಿ ನಾಲ್ಕು ಬೆರಳು ತೋರಿಸಿದ. ನಮಸ್ಕಾರವೆಂದುಕೊಂಡು ನಾನೂ ಕೈಬೀಸಿ ಮತ್ತೆ ನಡುಹಾದಿಗೆ ಇಳಿದೆ. ತಿರುವಿನಿಂದ ಒಂದರ ಹಿಂದೊಂದು ನಾಲ್ಕು ಯಂತ್ರಗಳು ಬಂದವು. ಮಗಳ ಜಾಕೆಟ್ ಹಿಡಿದೆಳೆದ ಆ ಕ್ಷಣ ಇಂದಿಗೂ ಮರೆತಿಲ್ಲ. ಬೆರಳುಗಳು ಹಿಂದೆ ಬರುತ್ತಿರುವ ಗಾಡಿಗಳ ಲೆಕ್ಕ. ಮುಷ್ಟಿ ತೋರಿಸಿದವನೇ ಕೊನೆಯವನು. ಅಲ್ಲಿಯವರೆಗೆ ಅಂಚಿನಲ್ಲಿ ಸಾಲಾಗಿ ನಿಲ್ಲಿ.

ಮಕ್ಕಳಿದ್ದರೆ ಸ್ನೋಕ್ವಾಲ್ಮಿ ಕಣಿವೆದಾರಿಯ ಹಯಾಕ್ ಅಥವಾ ಗೋಲ್ಡ್ ಕ್ರೀಕ್‌ಗೆ ಹೋಗಿ. ಅಲ್ಲಿ ಸ್ನೋಮೊಬೈಲ್ ಇಲ್ಲ. ಕಾರಿಗೆ ಸ್ನೋ-ಪಾರ್ಕ್ (ಚಳಿಗಾಲದಲ್ಲಿ ಹಿಮ ತೆಗೆದ ಕಾರು ನಿಲ್ದಾಣ) ಪರವಾನಗಿ ಬೇಕು, ಬೇಸಿಗೆಯ ಅರಣ್ಯ ಪಾಸ್ ಅದರ ಬದಲಿಗೆ ನಡೆಯದು. ಸ್ಕೀಗಾಗಿ ಕೊರೆದ ಜೋಡಿಗೆರೆಗಳನ್ನು ದಯವಿಟ್ಟು ತುಳಿಯಬೇಡಿ. ಹಿಮಕುಸಿತದ ಮುನ್ಸೂಚನೆ ನೋಡದೆ ಹೊರಡಲೇಬೇಡಿ.

ಕಾನೂನಿನ ವಿಚಾರ. 1964ರ ಕಾಯ್ದೆಯಂತೆ ವನ್ಯಪ್ರದೇಶವೆಂದು ಘೋಷಿಸಿದ ಕಡೆ, ಉದಾಹರಣೆಗೆ ಆಲ್ಪೈನ್ ಲೇಕ್ಸ್‌ನಲ್ಲಿ, ಯಂತ್ರಗಳಿಗೆ ಪ್ರವೇಶವಿಲ್ಲ. ಉಳಿದ ರಾಷ್ಟ್ರೀಯ ಅರಣ್ಯಗಳಲ್ಲಿ ಹಿಮವಾಹನಗಳನ್ನು ನಿಯಂತ್ರಿಸುವುದು 2005ರ ನಿಯಮದ ಪ್ರಕಾರ ಅಧಿಕಾರಿಗಳ ಇಚ್ಛೆಗೆ ಬಿಟ್ಟದ್ದಾಗಿತ್ತು. 2013ರಲ್ಲಿ ಐಡಾಹೋದ ಫೆಡರಲ್ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. 2015ರ ಹೊಸ ನಿಯಮದಂತೆ ಅವು ಎಲ್ಲೆಲ್ಲಿ ಓಡಬಹುದೆಂದು ಅರಣ್ಯ ಇಲಾಖೆ ನಕ್ಷೆಯಲ್ಲಿ ಗುರುತಿಸಬೇಕು. ಇಂಥ ಯೋಜನೆಗಳಿಗೆ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ. ಪೌರತ್ವ ಬೇಕಿಲ್ಲ, ವೀಸಾದಲ್ಲಿರುವವರೂ ಬರೆಯಬಹುದು, ಅಂಜಿಕೊಂಡು ಸುಮ್ಮನಿರಬೇಡಿ. ನಾನು ಬರೆದದ್ದು ಇಷ್ಟು: ಕಾರು ನಿಲ್ಲಿಸುವ ಜಾಗದಿಂದ ಮೊದಲ ಒಂದು ಮೈಲಿ ನಡೆಯುವವರಿಗೆ ಬೇರೆ ಹಾದಿ ಕೊಡಿ, ಪುಟ್ಟ ಮಕ್ಕಳು ಅದಕ್ಕಿಂತ ದೂರ ನಡೆಯಲಾರರು.