ಪೀಚ್ ಟೀ, ಪುಂಡಿಯ ಹುಳಿ

ಜರ್ಮನಿಯ ಕೊಬ್ಲೆಂಝ್‌ಗೆ ಬಂದ ಮೊದಲ ಚಳಿಗಾಲ. ಪೀಚ್ ಹಣ್ಣಿನ ಚಿತ್ರ ಇದ್ದ ಟೀ ಡಬ್ಬಿ ತಂದು, ಊರಲ್ಲಿ ಚಹಾ ಮಾಡಿದ ಹಾಗೆಯೇ ಮಾಡಿದೆ. ಪಾತ್ರೆಯಲ್ಲಿ ನೀರು, ಎರಡು ಟೀ ಚೀಲ, ಗಳಗಳ ಕುದಿಸಿ ಮೇಲೆ ಹಾಲು. ಹಾಲು ಕಣ್ಣೆದುರೇ ಒಡೆಯಿತು. ಹಳೇ ಹಾಲಿರಬೇಕು ಅಂತ ಹೊಸದು ಹಾಕಿದೆ. ಅದೂ ಒಡೆಯಿತು.

ಆಮೇಲೆ ಡಬ್ಬಿಯ ಹಿಂದಿದ್ದದ್ದನ್ನು ಓದಿದೆ. ಇಲ್ಲಿ ಇದಕ್ಕೆ ‘ಫ್ರುಖ್ಟೆಟೀ’ ಅಂತಾರೆ, ಹಣ್ಣಿನ ಟೀ. ಹೆಸರಲ್ಲಷ್ಟೇ ಟೀ, ಒಳಗೆ ಚಹಾ ಎಲೆಯೇ ಇಲ್ಲ. ಒಣಗಿಸಿದ ಸೇಬಿನ ಚೂರು, ಕಾಡುಗುಲಾಬಿಯ ಕಾಯಿ, ಕಿತ್ತಳೆ ಸಿಪ್ಪೆ, ದಾಸವಾಳ. ಪೀಚ್ ಬರೀ ಪರಿಮಳವಾಗಿ ಸೇರಿತ್ತು. ಹುಳಿ, ಕೆಂಪು ಬಣ್ಣ ಎರಡೂ ದಾಸವಾಳದ್ದು. ಹಾಲು ಒಡೆದದ್ದು ಆ ಹುಳಿಗೆ.

ಈ ದಾಸವಾಳ ಯಾವುದು ಅಂತ ನನಗೆ ಗೊತ್ತಾದದ್ದು ಅವ್ವನಿಂದ. ಬಾಗಲಕೋಟೆಯಿಂದ ಮೂರು ತಿಂಗಳಿಗೆ ಬಂದಿದ್ದಳು. ಒಂದು ಗುಟುಕು ಕುಡಿದವಳೇ, "ಏನವಾ ಇದು, ಪುಂಡಿಪಲ್ಯೆದ ಹುಳಿ ಇದ್ದಂಗ ಐತಲ್ಲ!" ಅಂದಳು. ಪುಂಡಿ ಅಂದರೆ ನಮ್ಮ ಕಡೆ ಪಲ್ಯ ಮಾಡುವ ಹುಳಿ ಸೊಪ್ಪು. ಹುಡುಕಿ ನೋಡಿದೆ. ಅವ್ವನ ನಾಲಿಗೆ ತಪ್ಪಿರಲಿಲ್ಲ. ಟೀಗೆ ಹಾಕುವುದು ಅಂಗಳದ ಪೂಜೆ ಹೂವಲ್ಲ, ಪುಂಡಿ ಜಾತಿಯ ಗಿಡದ್ದು. ಹೂ ಬಾಡಿದ ಮೇಲೆ ಕಾಯಿಯ ಸುತ್ತ ಉಳಿಯುವ ದಪ್ಪ ಕೆಂಪು ಎಸಳನ್ನು ಒಣಗಿಸಿ ಹಾಕುತ್ತಾರೆ. ಅಷ್ಟು ಗೊತ್ತಾದ ಮೇಲೆ ಆ ಟೀ ನನಗೆ ಪರದೇಶದ್ದು ಅನಿಸಲೇ ಇಲ್ಲ. ಅವ್ವನಿಗೆ ಸಂಜೆ ಚಹಾ ಕುಡಿದರೆ ನಿದ್ದೆ ಬರುವುದಿಲ್ಲ. ಇದರಲ್ಲಿ ಕೆಫೀನ್ ಇಲ್ಲವಲ್ಲ, ರಾತ್ರಿ ಒಂಬತ್ತಕ್ಕೂ ನಿಶ್ಚಿಂತೆಯಿಂದ ಕುಡಿಯುತ್ತಿದ್ದಳು.

ನಾನೀಗ ಮಾಡುವ ರೀತಿ ಹೀಗೆ. ನೀರು ಚೆನ್ನಾಗಿ ಕುದಿಯಬೇಕು, ಟೀ ಮಾತ್ರ ಕುದಿಯಬಾರದು. 200 ಮಿಲಿ ನೀರಿಗೆ ಒಂದು ಚೀಲ. ಕುದಿಯುವ ನೀರು ಸುರಿದು ತಕ್ಷಣ ತಟ್ಟೆ ಮುಚ್ಚುತ್ತೇನೆ. ಪೀಚ್ ಅನ್ನುವುದು ಇಲ್ಲಿ ಬರೀ ಘಮ, ತೆರೆದಿಟ್ಟರೆ ಆವಿಯ ಜೊತೆ ಹೋಗಿಬಿಡುತ್ತದೆ. ಎಂಟು ನಿಮಿಷ ಬಿಡಬೇಕು. ಚಹಾ ಎಲೆಯಾದರೆ ಅಷ್ಟು ಹೊತ್ತಿಗೆ ಕಹಿಯಾಗುತ್ತದೆ, ಇದು ಆಗುವುದಿಲ್ಲ. ಬಿಸಿ ಕಡಿಮೆ ಇರುವ ನೀರು ಬೇಡ. ಒಣಗಿದ ಹಣ್ಣು, ಹೂವಿನಲ್ಲಿ ಸೂಕ್ಷ್ಮಾಣು ಇರಬಹುದು, ಅದಕ್ಕೇ ಡಬ್ಬಿಯ ಮೇಲೂ ಕುದಿಯುವ ನೀರು ಅಂತಲೇ ಬರೆದಿರುತ್ತಾರೆ. ನಿಂಬೆಹಣ್ಣು ಹಿಂಡಬೇಡಿ, ಹುಳಿ ಮೊದಲೇ ಜಾಸ್ತಿ. ಬೆಲ್ಲವನ್ನೂ ಹಾಕಿ ನೋಡಿದ್ದೇನೆ. ಅದರ ವಾಸನೆಯಲ್ಲಿ ಪೀಚ್ ಮುಳುಗಿಹೋಯಿತು. ಒಂದು ಚಮಚ ಸಕ್ಕರೆ ಸಾಕು.

ಬೇಸಿಗೆಯಲ್ಲಿ ತಣ್ಣಗೆ. ಅರ್ಧ ಲೀಟರ್ ಕುದಿಯುವ ನೀರಿಗೆ ಐದು ಚೀಲ, ಹತ್ತು ನಿಮಿಷ. ಬಿಸಿ ಇದ್ದಾಗಲೇ ಸಕ್ಕರೆ ಕರಗಿಸಿ, ಆರಿದ ಮೇಲೆ ಫ್ರಿಜ್ಜಿಗೆ. ಕುಡಿಯುವಾಗ ಅಷ್ಟೇ ಅಳತೆಯ ಸೋಡಾ ನೀರು ಬೆರೆಸುತ್ತೇನೆ. ಜರ್ಮನರು ಹಣ್ಣಿನ ರಸಕ್ಕೆ ಹೀಗೆ ಸೋಡಾ ಬೆರೆಸಿ ‘ಶೋರ್ಲೆ’ ಅಂತಾರೆ, ಅವರಿಂದ ಕಲಿತದ್ದು. ಮಾಡಿದ್ದನ್ನು ಮರುದಿನದೊಳಗೆ ಮುಗಿಸುತ್ತೇವೆ.

ನಿಜವಾದ ಪೀಚ್ ಸೇರಿದ ಟೀ ಬೇಕಾದರೆ ಸೆಪ್ಟೆಂಬರ್‌ವರೆಗೆ ಕಾಯುತ್ತೇನೆ. ಇಲ್ಲಿನ ಮೋಸೆಲ್ ನದಿಯ ದಂಡೆಯಲ್ಲಿ ದ್ರಾಕ್ಷಿ ತೋಟಗಳ ಜೊತೆ ಒಂದು ಬಗೆಯ ಪೀಚ್ ಬೆಳೆಯುತ್ತಾರೆ. ‘ವೈನ್‌ಬೆರ್ಗ್ ಪೀಚ್’, ಅಂದರೆ ದ್ರಾಕ್ಷಿ ತೋಟದ ಪೀಚ್ ಅನ್ನಬಹುದು. ಹೊರಗೆ ಬೂದು ಬಣ್ಣದ ನಯವಾದ ರೋಮ, ಒಳಗೆ ಬೀಟ್‌ರೂಟಿನಷ್ಟು ಕೆಂಪು. ಹಾಗೇ ತಿಂದರೆ ಸ್ವಲ್ಪ ಒಗರು, ಜಾಮ್ ಮಾಡಲು ಬಲು ಚೆನ್ನ. ನಾಲ್ಕು ಹಣ್ಣು ಹೆಚ್ಚಿ, ಅರ್ಧ ಬಟ್ಟಲು ಸಕ್ಕರೆ ಹಾಕಿ, ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೆ ಬೇಯಿಸುತ್ತೇನೆ. ಬಿಸಿ ಟೀ ಲೋಟದ ತಳಕ್ಕೆ ಅದು ಒಂದು ಚಮಚ. ಮೊದಲು ಹುಳಿ, ಕೊನೆಯ ಗುಟುಕಿಗೆ ಹಣ್ಣಿನ ತುಣುಕು ಬಾಯಿಗೆ ಬರುತ್ತದೆ.

ಜೊತೆಗೆ ಸಿಹಿ ತಿಂಡಿ ಹೊಂದುವುದಿಲ್ಲ, ಹುಳಿ ಇನ್ನೂ ಎದ್ದು ಕಾಣುತ್ತದೆ. ಖಾರ ಬೇಕು. ಅವ್ವ ಕಟ್ಟಿಕೊಟ್ಟ ಕೋಡುಬಳೆ ಡಬ್ಬಿ ಈ ಟೀ ಜೊತೆಗೇ ಖಾಲಿಯಾಯಿತು. ಹೋಗುವಾಗ ಅವಳ ಚೀಲದಲ್ಲಿ ಪೀಚ್ ಟೀ ಡಬ್ಬಿ ಎರಡು ಇಟ್ಟು ಕಳಿಸಿದೆ.