ಆಪರೇಷನ್ ಆದ ಕೈಯಲ್ಲೇ ಮತ್ತೆ ಮಷಿನ್ ಹಿಡಿದೆ

"ಬಲಗೈ ಹೀಗಾದ ಮೇಲೆ ಹೊಲಿಗೆ ಮರೆತುಬಿಡು" ಅಂತ ನಮ್ಮ ಅತ್ತಿಗೆ ಹೇಳಿದ್ದು 2022ರ ದೀಪಾವಳಿಯಲ್ಲಿ. ಓವರ್‌ಲಾಕ್ ಹಾಕಿಕೊಡುವ ಅಣ್ಣನೂ ಅದನ್ನೇ ಅಂದ. ಹೋದ ತಿಂಗಳು 32 ಬ್ಲೌಸ್ ಹೊಲಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಗಾರ್ಮೆಂಟ್ಸ್‌ನಲ್ಲಿದ್ದು, ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ, ಕರೆಂಟು (ರೇಡಿಯೇಷನ್) ಎಲ್ಲ ಮುಗಿಸಿ, ಮುಂದೇನು ಅಂತ ಕೂತಿರುವವರಿಗೆ ಇದು.

ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ 13 ವರ್ಷ ಶರ್ಟ್ ಲೈನಿನಲ್ಲಿದ್ದೆ. ಕಾಲರ್ ಕೂರಿಸುವುದು ನನ್ನ ಕೆಲಸ. ಲೈನಿನಲ್ಲಿ ನನ್ನಷ್ಟು ಬೇಗ ಕೂರಿಸುವವರು ಇರಲಿಲ್ಲ. ಚಿಕಿತ್ಸೆಯ ಹತ್ತು ತಿಂಗಳು ಮನೆ ನಡೆದದ್ದು ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ದುಡ್ಡಿನಲ್ಲಿ. ಮೊದಲ 91 ದಿನ ಸಂಬಳದ 70 ಪರ್ಸೆಂಟ್. ಎರಡು ವರ್ಷ ಸರ್ವಿಸ್ ಆಗಿ ಕಂತು ಸರಿಯಾಗಿ ಕಟ್ಟಿದ್ದರೆ, ಕ್ಯಾನ್ಸರ್‌ಗೆ ಆಮೇಲೆ 80 ಪರ್ಸೆಂಟ್, ಎರಡು ವರ್ಷದವರೆಗೂ ಸಿಗುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಆಸ್ಪತ್ರೆ ಸೇರುವ ಮೊದಲೇ ರಾಜೀನಾಮೆ ಬರೆದುಕೊಟ್ಟು ಬರುತ್ತಾರೆ. ದಯವಿಟ್ಟು ಬರೆಯಬೇಡಿ.

ನಾನು ತಪ್ಪಿದ್ದು ಬೇರೆ ಕಡೆ. ಕರೆಂಟು ಮುಗಿದ ಆರನೇ ವಾರಕ್ಕೇ ಲೈನಿಗೆ ಹೋದೆ. ಸೋಮವಾರ ಚೆನ್ನಾಗಿತ್ತು. ಗುರುವಾರ ಬೆಳಗ್ಗೆ ಬಳೆ ಏರಲಿಲ್ಲ. ಕಂಕುಳಿನ ಗಂಟು ತೆಗೆದ ಕೈ ಅಲ್ವಾ, ಊದಿಕೊಂಡಿತ್ತು. ಜೊತೆಗೆ ಕ್ಯಾನ್ಸರ್ ಮತ್ತೆ ಬರದಿರಲಿ ಅಂತ ಕೊಡುವ ಟಮೋಕ್ಸಿಫೆನ್ ಮಾತ್ರೆಯ ಬಿಸಿ. ಇದ್ದಕ್ಕಿದ್ದಂತೆ ಕತ್ತಿನಿಂದ ಮೇಲೆ ಬೆವರು ಕಿತ್ತುಕೊಂಡು ಬರುತ್ತಿತ್ತು. ದಾರ ಕತ್ತರಿಸುವ ಕಡೆ ಹಾಕಿ ಅಂತ ಕೇಳಿದೆ, ಜಾಗ ಇಲ್ಲ ಅಂದರು. 19 ದಿನಕ್ಕೆ ಬಿಟ್ಟೆ. ಪಿಎಫ್ ಸುಮಾರು 1 ಲಕ್ಷ 20 ಸಾವಿರ ಬಂತು, ಅರ್ಧ ಸಾಲಕ್ಕೇ ಹೋಯಿತು.

ಮನೆಯಲ್ಲಿ ಸೀರೆಗೆ ಫಾಲ್ ಹಾಕಲು ಶುರು ಮಾಡಿದೆ. ಸೀರೆಗೆ 70 ರೂಪಾಯಿ. ಸುಲಭ ಅಂದುಕೊಂಡಿದ್ದೆ. ಆದರೆ ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕೀಮೋ ಔಷಧಿ ಆದವರಿಗೆ ಗೊತ್ತು, ಬೆರಳ ತುದಿ ಮರಗಟ್ಟಿರುತ್ತದೆ. ಒಂದು ದಿನ ಕೆನೆ ಬಣ್ಣದ ರೇಷ್ಮೆ ಸೀರೆ ತೊಡೆಯ ಮೇಲಿತ್ತು. ಅಂಚಿನಲ್ಲಿ ಸಾಲಾಗಿ ಐದಾರು ಕೆಂಪು ಚುಕ್ಕೆ. ಕುಂಕುಮ ಬಿದ್ದಿದೆ ಅಂದುಕೊಂಡೆ. ನೋಡಿದರೆ ನನ್ನದೇ ಹೆಬ್ಬೆರಳು. ಸೂಜಿ ಚುಚ್ಚಿದ್ದು ಒಂದು ಸಲವೂ ತಿಳಿದಿರಲಿಲ್ಲ. ಡ್ರೈಕ್ಲೀನಿಂಗ್‌ಗೆ 400 ರೂಪಾಯಿ ನಾನೇ ಕೊಟ್ಟೆ. ಗಂಟು ತೆಗೆದ ಕೈಗೆ ಗಾಯವಾಗಿ ಸೋಂಕು ಹತ್ತಿದರೆ ಮತ್ತೆ ಆಸ್ಪತ್ರೆಯೇ. ಅವತ್ತಿನಿಂದ ಕೈಹೊಲಿಗೆ ಬಂದ್.

ದಾರಿ ಸಿಕ್ಕಿದ್ದು ಚೆಕಪ್‌ಗೆ ಹೋದಾಗ. ಪಕ್ಕದಲ್ಲಿ ಕೂತಿದ್ದ ಮೇಡಂ ಎರಡು ನಿಮಿಷಕ್ಕೊಮ್ಮೆ ಎಡಗಡೆ ಸೆರಗು ಎಳೆದುಕೊಳ್ಳುತ್ತಿದ್ದರು. ಸ್ಕೂಲ್ ಟೀಚರ್. ಬೋರ್ಡ್ ಮೇಲೆ ಬರೆಯಲು ಕೈ ಎತ್ತಿದರೆ ಸ್ತನ ತೆಗೆದ ಕಡೆ ಬ್ಲೌಸ್ ಮೇಲಕ್ಕೆ ಹೋಗುತ್ತದೆ, ಮಕ್ಕಳು ನೋಡುತ್ತಾರೆ, ಅದಕ್ಕೇ ರಜೆ ಮುಂದುವರಿಸಿದ್ದೇನೆ ಅಂದರು. "ಒಂದು ಬ್ಲೌಸ್ ಕೊಡಿ ಮೇಡಂ, ಸರಿಯಾದರೆ ಮಾತ್ರ ದುಡ್ಡು" ಅಂದೆ.

ಮೂರು ಸಲ ಬಿಚ್ಚಿದೆ. ಈಗ ಕೂತಿರುವ ಅಳತೆ ಹೀಗೆ. ಆಪರೇಷನ್ ಆದ ಕಡೆಯ ಆರ್ಮ್‌ಹೋಲ್ (ತೋಳು ಕೂರಿಸುವ ಸುತ್ತು) ಅರ್ಧ ಇಂಚು ಜಾಸ್ತಿ. ಎರಡು ತೋಳಿಗೂ ಬೇರೆ ಬೇರೆ ಅಳತೆ. ಕತ್ತು ಆ ಕಡೆ ಸ್ವಲ್ಪ ಮೇಲೆ. ಹುಕ್ ಮುಂದೆಯೇ, ಹಿಂದಕ್ಕೆ ಕೈ ಹೋಗುವುದಿಲ್ಲವಲ್ಲ. ಒಳಗೆ, ತೆಗೆದ ಸ್ತನದ ಜಾಗ ತುಂಬಲು ಮಲ್ ಬಟ್ಟೆಯ ಜೇಬು, ಗಾಯದ ಗೆರೆಗೆ ಹೊಲಿಗೆಯ ಅಂಚು ತಗಲಬಾರದು. ಡಾರ್ಟ್ (ಆಕಾರಕ್ಕೆ ಹಾಕುವ ಮಡಿಕೆ ಹೊಲಿಗೆ) ಎಲ್ಲಿಂದ ತೆಗೆಯುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನನ್ನ ಅನ್ನ ಇರುವುದೇ ಅದರಲ್ಲಿ.

ಜೇಬಿಗೆ ಏನು ತುಂಬಬೇಕು ಅನ್ನುವುದಕ್ಕೇ ನಾಲ್ಕು ತಿಂಗಳು ಹೋಯಿತು. ಸಿಲಿಕೋನಿನ ಕೃತಕ ಸ್ತನಕ್ಕೆ ಸಾವಿರಗಟ್ಟಲೆ ಬೇಕು. ಬರೀ ದಿಂಬಿನ ಹತ್ತಿ ಹಗುರ, ಬ್ಲೌಸ್ ಮತ್ತೆ ಮೇಲೇರುತ್ತದೆ. ರಾಗಿ ತುಂಬಿ ನಾನೇ ಹಾಕಿಕೊಂಡು ನೋಡಿದೆ. ತೂಕ ಚೆನ್ನಾಗಿತ್ತು, ಶೆಟ್ಟರ ಅಂಗಡಿಯ ತಕ್ಕಡಿಯಲ್ಲಿ 280 ಗ್ರಾಂ. ಏಪ್ರಿಲ್ ಬೆವರಿಗೆ ಹತ್ತು ದಿನದಲ್ಲಿ ಹುಳಿ ವಾಸನೆ. ಬಿಚ್ಚಿದರೆ ಮೊಳಕೆ ಬಂದಿತ್ತು. ಸಾಸಿವೆ ಹೊಲಿಗೆಯ ಸಂದಿಯಿಂದ ಜಾರಿ ಉದುರಿತು. ಕೊನೆಗೆ ಚಿಕ್ಕಪೇಟೆಯಿಂದ ಸಣ್ಣ ಗಾಜಿನ ಮಣಿ ತಂದು, ಎರಡು ಪದರದ ಚೀಲದಲ್ಲಿ ಕೆಳಗೆ ಹಾಕಿ, ಮೇಲೆ ಹತ್ತಿ ಇಟ್ಟೆ. ಒಗೆಯಬಹುದು, ಒಣಗಿಸಬಹುದು. 250 ರೂಪಾಯಿಗೆ ಕೊಡುತ್ತೇನೆ.

ಸೆಕೆಂಡ್ ಹ್ಯಾಂಡ್ ಜೂಕಿ ಹೊಲಿಗೆ ಮಷಿನ್ 16 ಸಾವಿರ ಆಯಿತು. ಕ್ಲಚ್ ಮೋಟಾರ್ ತೆಗೆಸಿ ಸರ್ವೋ ಹಾಕಿಸಲು ಇನ್ನೊಂದು ನಾಲ್ಕು ಸಾವಿರ. ಇದರಲ್ಲಿ ಜಿಪುಣತನ ಬೇಡ. ನಿಧಾನಕ್ಕೆ ಓಡಿಸಬಹುದು, ಬಟ್ಟೆಯನ್ನು ಕೈಯಿಂದ ಎಳೆಯಬೇಕಿಲ್ಲ. ಹೊಲಿಯುವಾಗ ಕೈ ಊದದಂತೆ ಬಿಗಿ ಸ್ಲೀವ್ ಇರಲೇಬೇಕು. ಒಂದಕ್ಕೆ 2,800 ಕೊಟ್ಟ ನೆನಪು, ಆರು ತಿಂಗಳಿಗೆ ಸಡಿಲ ಆಗುತ್ತದೆ. 25 ನಿಮಿಷಕ್ಕೆ ಅಲಾರಂ. ಎದ್ದು ಐದು ನಿಮಿಷ ಗೋಡೆಯ ಮೇಲೆ ಬೆರಳು ಹತ್ತಿಸುತ್ತೇನೆ. ಪೆನ್ಸಿಲಿನಲ್ಲಿ ಗೆರೆ ಹಾಕಿಟ್ಟಿದ್ದೇನೆ, ಮೊದಲ ಗೆರೆ ನನ್ನ ಭುಜದ ಹತ್ತಿರ, ಈಗಿನದು ಸ್ವಿಚ್ ಬೋರ್ಡಿನ ಮೇಲೆ.

ಕತ್ತರಿ ಕೆಲಸ ನಾದಿನಿ ಮಗಳಿಗೆ, ಬ್ಲೌಸಿಗೆ 40. ಇಸ್ತ್ರಿ ಪೆಟ್ಟಿಗೆಯ ಭಾರ, ಬಿಸಿ ಎರಡೂ ನನ್ನ ಕೈಗೆ ಆಗುವುದಿಲ್ಲ, ಅದು ಬೀದಿಯ ಗಾಡಿಯವರಿಗೆ, 10. ಬ್ಲೌಸಿಗೆ 600 ತೆಗೆದುಕೊಳ್ಳುತ್ತೇನೆ. ಲೈನಿಂಗ್, ಹುಕ್ ಎಲ್ಲ ಕಳೆದು 420 ಉಳಿಯುತ್ತದೆ. ಹೋದ ತಿಂಗಳು 13 ಸಾವಿರದ ಮೇಲೆ ಬಂತು. ಫ್ಯಾಕ್ಟರಿ ಬಿಟ್ಟಾಗ ಕೈಗೆ ಬರುತ್ತಿದ್ದದ್ದು 11 ಸಾವಿರ ಚಿಲ್ಲರೆ.

ಟೀಚರ್ ಮೇಡಂ ಸ್ಕೂಲಿಗೆ ಹೋಗುತ್ತಿದ್ದಾರೆ. ಇಲ್ಲಿಯವರೆಗೆ ಒಂಬತ್ತು ಬ್ಲೌಸ್ ಹೊಲಿಸಿಕೊಂಡರು. ಗೌರಿ ಹಬ್ಬಕ್ಕೆ ಇನ್ನೂ ಎರಡು ಕೊಟ್ಟಿದ್ದಾರೆ. ಅತ್ತಿಗೆ ಹೋದ ವಾರ ತಮ್ಮ ಆಫೀಸಿನ ಒಬ್ಬರನ್ನು ಅಳತೆ ಕೊಡಿಸಲು ತಾವೇ ಕರೆದುಕೊಂಡು ಬಂದಿದ್ದರು.